ತಿಳಿಯಾಗದ ನೀರು

ಅಂಗಿಯ ಕಾಲರು ಉಜ್ಜಿ ಮುಗಿಸಿ ಎಡತೋಳಿನ ಪಟ್ಟಿಯನ್ನು ಬಿಡಿಸಿದೆ. ಮಡಿಕೆಯೊಳಗೆ ಬೂದು ಬಣ್ಣದ ಪುಡಿ ಇತ್ತು. ಬೆರಳಿಗೆ ಹತ್ತಿದ್ದನ್ನು ಸೆರಗಿಗೆ ಒರೆಸಿಕೊಂಡರೂ ಹೋಗಲಿಲ್ಲ, ಬೆರಳಿನ ಗೆರೆಗೆರೆಯಲ್ಲೂ ಕೂತುಬಿಟ್ಟಿತು.

ಆ ಪುಡಿ ನನಗೆ ಹೊಸದಲ್ಲ. ಅದು ಈ ಅಂಗಿಯಲ್ಲಿದ್ದದ್ದು ಹೊಸದು. ಇವರು, ಅಂದರೆ ನನ್ನ ಗಂಡ, ಕಲ್ಲು ಅರೆಯುವ ಶೆಡ್ಡಿನಲ್ಲಿ ಹಾಕಿಕೊಳ್ಳುವ ನೀಲಿ ಬಟ್ಟೆ ಶೆಡ್ಡಿನಲ್ಲೇ ಒಗೆಸಿಕೊಂಡು ಅಲ್ಲೇ ಒಣಗುತ್ತದೆ. ಇದು ಎಲ್ಲಿಗಾದರೂ ಹೋಗುವಾಗ ಹಾಕುವ ಬಿಳಿ ಅಂಗಿ. ಕೆಲವು ವಾರಗಳ ಹಿಂದೆ, ಒಂದು ಭಾನುವಾರ, ಆಸ್ಪತ್ರೆಯಲ್ಲಿರುವ ಸ್ನೇಹಿತನನ್ನು ನೋಡಿ ಬರುತ್ತೇನೆಂದು ಹಾಕಿಕೊಂಡು ಹೋಗಿದ್ದರು. ಅವತ್ತಿನಿಂದ ಅದು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು.

ತೋಳಿನ ಪಟ್ಟಿಯನ್ನು ಬಿಳಿ ಮಗ್ಗಿನ ನೀರಿನಲ್ಲಿ ಅದ್ದಿ ಹಿಂಡಿದೆ. ನೀರು ಬೂದಿಯಂತಾಯಿತು, ತಳದಲ್ಲಿ ಅಚ್ಚಾಗಿದ್ದ ಹೂವಿನ ಗುರುತು ಕಾಣದಾಯಿತು. ಚೆಲ್ಲಿಬಿಡಬೇಕಿತ್ತು. ಯಾಕೋ ಕೈ ಬರಲಿಲ್ಲ. ಮಗ್ಗನ್ನು ಬಚ್ಚಲ ಕಿಟಕಿಯ ಮೇಲೆ ಸೋಪಿನ ಡಬ್ಬಿಯ ಹಿಂದೆ ಸರಿಸಿದೆ.

"ಏನೇ ಅದು?" ಅಡುಗೆಮನೆಯ ಮೇಜಿನಿಂದ ದೊಡ್ಡಮ್ಮ ಕೇಳಿದಳು.

"ಕಿಟಕಿ ಒರೆಸಿದ ನೀರು."

ದೊಡ್ಡಮ್ಮ ಮತ್ತೆ ಪದಬಂಧಕ್ಕೆ ತಲೆ ತಗ್ಗಿಸಿದಳು. ಅವಳ ಮುಂದೆ ಸುಳ್ಳು ಹೇಳಿದ್ದು ಅದೇ ಮೊದಲು. ಪೊಲೀಸ್ ಇಲಾಖೆಯ ಪ್ರಯೋಗಾಲಯದಲ್ಲಿ ಚಪ್ಪಲಿಯ ಕೆಸರು, ಕಾರಿನ ಚಕ್ರದ ಧೂಳು ನೋಡಿ ಅಪರಾಧಿ ಎಲ್ಲಿ ನಡೆದಾಡಿದ್ದನೆಂದು ಹೇಳುತ್ತ ಜೀವಮಾನ ಕಳೆದವಳು ಅವಳು. ನಿವೃತ್ತಳಾದ ಮೇಲೆ ನಮ್ಮ ಕ್ವಾರ್ಟರ್ಸಿಗೆ ಬಂದು ಉಳಿದಳು. ಅಲ್ಲಿಂದಾಚೆಗೆ ನಮ್ಮ ಬೀದಿಯಲ್ಲಿ ಸೈಕಲ್ಲು ಕಳೆದರೂ, ಯಾರದೋ ಟ್ಯಾಂಕಿನ ನೀರು ಕೆಟ್ಟರೂ ಜನ ಬಾಗಿಲು ತಟ್ಟುವುದು ನಮ್ಮದನ್ನೇ. ಅವಳ ಚೀಲ ಹಿಡಿದು ಹಿಂದೆ ಹೋಗುವವಳು ನಾನು. ಈ ಸಲ ಬಾಗಿಲು ತಟ್ಟಬೇಕಾದವಳು ನಾನೇ ಆಗಿದ್ದೆ.

ನಾನೂ ಇವರೂ ಕೆಲಸ ಮಾಡುವ ಸಂಸ್ಥೆಯಲ್ಲಿ ಚಂದ್ರನ ಪುಡಿಯ ಒಂದು ಸೀಸೆ ಇತ್ತು. ವಿಜ್ಞಾನಿಗಳು ಅದನ್ನು ರೆಗೊಲಿತ್ ಅನ್ನುತ್ತಾರೆ. ಚಂದ್ರನ ಮೇಲೆ ಬಂಡೆ ಬರಿಮೈಯಲ್ಲಿ ಕಾಣುವುದು ಅಪರೂಪ, ಹೆಚ್ಚುಕಡಿಮೆ ಎಲ್ಲೆಲ್ಲೂ ಅದರ ಮೇಲೆ ಸಡಿಲವಾದ ಪುಡಿಯ ಹೊದಿಕೆ. ಆ ಪುಡಿ ಬೇರೆಲ್ಲಿಂದಲೋ ಬಂದದ್ದಲ್ಲ. ಅದೇ ಬಂಡೆ, ಆಕಾಶದಿಂದ ಬೀಳುವ ಸಾಸಿವೆಗಿಂತ ಸಣ್ಣ ಕಲ್ಲುಗಳ ಏಟು ಯುಗಯುಗಗಳ ಕಾಲ ತಿಂದು ಪುಡಿಯಾದದ್ದು. ಅಲ್ಲಿ ಗಾಳಿಯಿಲ್ಲ, ನೀರಿಲ್ಲ. ಹಾಗಾಗಿ ಯಾವ ಕಣದ ಅಂಚೂ ಸವೆದಿಲ್ಲ. ಗಾಜಿನ ಚೂರಿನ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡು ಹಗುರಾಗಿ ನಿಲ್ಲುತ್ತದೆ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಇನ್ನೊಂದು ದೇಶದ ಸಂಸ್ಥೆ ನಮಗೆ ಅದನ್ನು ಎರವಲು ಕೊಟ್ಟಿತ್ತು. ಅದನ್ನಿಟ್ಟ ಭಂಡಾರ ನೋಡಿಕೊಳ್ಳುವವಳು ನಾನು, ಬೀಗದ ಕೈ ನನ್ನ ಬಳಿ ಮಾತ್ರ. ಪರೀಕ್ಷೆಗೆ ಬೇಕಾದಷ್ಟು ಪುಡಿ ಎಲ್ಲಿಂದ ತರುವುದು? ಅದಕ್ಕಾಗಿ ಸಂಸ್ಥೆಯ ಹಿತ್ತಲ ಶೆಡ್ಡಿನಲ್ಲಿ ಕಪ್ಪು ಕಲ್ಲನ್ನು ಅರೆದು ನಕಲಿ ಪುಡಿ ಮಾಡುತ್ತಿದ್ದರು. ಆ ಶೆಡ್ಡಿಗೆ ಇವರೇ ಮುಖ್ಯಸ್ಥರು.

ಎರವಲು ಕೊಟ್ಟವರು ವಾರದ ಕೊನೆಗೆ ಬಂದು ಸೀಸೆ ವಾಪಸು ಪಡೆಯುವುದಿತ್ತು. ಅದಕ್ಕೆ ಮುಂಚೆ ಒಮ್ಮೆ ಪರೀಕ್ಷಿಸಲು ಹೋದ ಸೂಕ್ಷ್ಮದರ್ಶಕ ವಿಭಾಗದ ಮೇಡಂ, ನಾವೆಲ್ಲ ಲೆನ್ಸ್ ಮೇಡಂ ಅನ್ನುವವರು, ನಾನು ಅಂಗಿ ಒಗೆಯುವ ಹಿಂದಿನ ದಿನ ಬಿಳಚಿಕೊಂಡು ನಿರ್ದೇಶಕರ ಕೋಣೆಗೆ ಬಂದಿದ್ದರು. ಸೀಸೆಯಲ್ಲಿರುವುದು ಚಂದ್ರನದಲ್ಲ, ನಮ್ಮ ಶೆಡ್ಡಿನ ಕಲ್ಲು ಎಂದರು. ಅವರು ಹಿಂದಿನ ಸಲ ಚಿತ್ರ ತೆಗೆಯಲು ಒಯ್ದದ್ದನ್ನು ನಾನೇ ತೂಕ ಮಾಡಿ ವಾಪಸು ತೆಗೆದುಕೊಂಡಿದ್ದೆ. ತೂಕ ಸರಿಯಾಗಿತ್ತು. ಅಲ್ಲಿಂದೀಚೆಗೆ ಸೀಸೆ ನನ್ನ ಬೀಗದ ಒಳಗಿತ್ತು. ಲೆಕ್ಕ ಸರಳವಾಗಿತ್ತು. ನಿರ್ದೇಶಕರು ಬೀಗದ ಕೈ ಕೇಳಿ ಪಡೆದು, ಎರವಲು ಕೊಟ್ಟವರು ಬರುವುದರೊಳಗೆ ಪುಡಿ ಸಿಗದಿದ್ದರೆ ಕೆಲಸವೂ ಹೋಗುತ್ತದೆ, ಪೊಲೀಸ್ ದೂರೂ ಆಗುತ್ತದೆ, ಮನೆಯಲ್ಲಿರಿ ಎಂದರು. ಇಷ್ಟು ವರ್ಷ ಅಮ್ಮಾ ಎಂದು ಕರೆದವರು ಅವತ್ತು ನನ್ನ ಮುಖ ನೋಡದೆ ಮಾತಾಡಿದರು.

ರಾತ್ರಿ ದೊಡ್ಡಮ್ಮನ ಎದುರೇ ಇವರಿಗೆ ಹೇಳಿದೆ. ಊಟ ಮಾಡುತ್ತಲೇ ಕೇಳಿಸಿಕೊಂಡು, "ಕೀ ಎಲ್ಲೆಲ್ಲೋ ಇಡಬೇಡ ಅಂತ ಎಷ್ಟು ಸಲ ಹೇಳಿದ್ದೆ" ಎಂದರು. ಅಷ್ಟೇ.

ಈಗ ಅಂಗಿಯ ತೋಳು. ಕೈ ತೊಳೆದಷ್ಟೂ ನನ್ನ ಅನುಮಾನ ಹೆಚ್ಚಾಯಿತು. ನನ್ನ ಬೀಗದ ಕೈ ಮನೆಯ ಗೊಂಚಲಲ್ಲೇ ಇರುತ್ತಿತ್ತು, ಇವರು ಬಯಸಿದ್ದರೆ ತೆಗೆದುಕೊಳ್ಳಬಹುದಿತ್ತು. ಆದರೆ ಯಾಕೆ? ಗಂಡನ ಬಗ್ಗೆ ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಅವರನ್ನು ಉಳಿಸುವುದು ಹೇಗೆಂದೂ ಯೋಚಿಸತೊಡಗಿದ್ದೆ.

ದೊಡ್ಡಮ್ಮ ಪೆನ್ನಿನ ಮುಚ್ಚಳ ಹಾಕಿದಳು. "ನಿಮ್ಮ ನಿರ್ದೇಶಕರಿಗೆ ಫೋನ್ ಮಾಡ್ದೆ. ಪೊಲೀಸರು ಬರೋದಕ್ಕಿಂತ ಈ ಮುದುಕಿ ಬರೋದೇ ವಾಸಿ ಅಂದ್ರು. ಸೀರೆ ಬದಲಾಯ್ಸು. ಚೀಲ ಯಾರು ಹಿಡೀತಾರೆ?"

ಭಂಡಾರದಲ್ಲಿ ನಿರ್ದೇಶಕರು ಸೀಸೆಯನ್ನು ತಟ್ಟೆಯ ಮೇಲಿಟ್ಟರು. ದೊಡ್ಡಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, ಅವಳ ಹಳೆಯ ರೂಢಿಯಂತೆ ಮುಂದಿನ ಹಲ್ಲುಗಳ ನಡುವೆ ಇಟ್ಟು ಕಡಿದಳು. ನಿರ್ದೇಶಕರ ಮುಖ ಹುಳ್ಳಗಾಯಿತು. ತೂಕ ಮಾಡಿಸಿದಳು. ಕಳೆದ ಸಲ ನಾನು ನೋಡಿದ ತೂಕವೇ ಇತ್ತು.

"ಇದು ನಿನ್ನ ಸೀಸೇನೇ ತಾನೆ? ಸರಿಯಾಗಿ ನೋಡು. ಮೊದಲಿನ ಹಾಗೇ ಇದೆಯಾ?"

ಸೀಸೆ ಅದೇ. ಆದರೆ ಪುಡಿಯ ಮಟ್ಟ ಮೊದಲಿಗಿಂತ ಕೆಳಗಿತ್ತು. ಹಿಂದಿನ ಸಲ ಲೆನ್ಸ್ ಮೇಡಂ ವಾಪಸು ಕೊಟ್ಟಾಗಲೇ ನನಗೆ ಹಾಗನ್ನಿಸಿತ್ತು, ತೂಕ ಸರಿಯಿದ್ದದ್ದರಿಂದ ಅಲುಗಾಡಿ ಕುಸಿದಿರಬೇಕು ಅಂದುಕೊಂಡಿದ್ದೆ. ಇನ್ನೊಂದು ಸಂಗತಿ ಈಗ ಕಣ್ಣಿಗೆ ಬಿತ್ತು. ಸೀಸೆಯ ಕುತ್ತಿಗೆ ಸ್ವಚ್ಛವಾಗಿತ್ತು. ಮೊದಲು ಮುಚ್ಚಳದವರೆಗೂ ಲಾಟೀನಿನ ಗಾಜಿಗೆ ಮಸಿ ಹಿಡಿದಂತೆ ಬೂದು ಪೊರೆ ಇರುತ್ತಿತ್ತು. ಎರಡನ್ನೂ ಹೇಳಿದೆ. ದೊಡ್ಡಮ್ಮ ತಲೆಯಾಡಿಸಿ ಕನ್ನಡಕ ಒರೆಸಿಕೊಂಡಳು.

ಅಲ್ಲಿಂದ ಇಟ್ಟಿಗೆ ಸಾರ್ ಅವರ ಕೋಣೆಗೆ. ಚಂದ್ರನ ಮೇಲೆ ಮನೆ ಕಟ್ಟಲು ಪುಡಿಯನ್ನು ಸುಟ್ಟು ಇಟ್ಟಿಗೆ ಮಾಡುವುದು ಅವರ ಸಂಶೋಧನೆ. ನಿಜವಾದ ಪುಡಿ ಒಂದೇ ಒಂದು ಚಮಚ ಕೊಡಿಸಿ ಎಂದು ವರ್ಷದಿಂದ ನಿರ್ದೇಶಕರ ಬೆನ್ನು ಬಿದ್ದಿದ್ದರು. ಕೊಡದಿದ್ದರೆ ಕದಿಯುತ್ತೇನೆಂದು ಎಲ್ಲರ ಎದುರು ನಗೆಯಾಡಿದ್ದೂ ಉಂಟು. ಆ ನಗೆ ಈಗ ಅವರ ಕೊರಳಿಗೇ ಸುತ್ತಿಕೊಂಡಿತ್ತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಹಾಗಾಗಿದೆ ನನ್ನ ಕತೆ" ಎಂದು ಅವರು ಒಡೆದ ಇಟ್ಟಿಗೆಗಳ ಗುಡ್ಡೆ ತೋರಿಸಿದರು. ಒಂದು ಸಲ ಶೆಡ್ಡಿನ ಮೂಟೆಯಲ್ಲಿ ಹಿಟ್ಟಿನ, ಅಂದರೆ ಅತಿ ನುಣ್ಣನೆಯ ಪುಡಿಯ, ಪಾಲು ಕಡಿಮೆಯಿತ್ತಂತೆ. ಬರೀ ತರಿಗೆ ಅಂಟಿಲ್ಲ, ಇಟ್ಟಿಗೆ ಬಿಸ್ಕತ್ತಿನ ಹಾಗೆ ಉದುರಿತಂತೆ. ಆ ವಿಷಯಕ್ಕೆ ಇವರ ಜೊತೆ ಜಗಳವೂ ಆಗಿತ್ತು.

ಲೆನ್ಸ್ ಮೇಡಂ ಕೆಲಸದ ನಡುವೆಯೇ ಮಾತಾಡಿದರು. ಪುಟ್ಟ ಬಟ್ಟಲಿನಲ್ಲಿ ಯಾವುದೋ ಕಲ್ಲಿನ ಕಣಗಳಿಗೆ ಸ್ಪಿರಿಟ್ ಹಾಕಿ ಅಲುಗಿಸಿ, ಮೇಲಿನ ಮಡ್ಡಿಯನ್ನು ಬಸಿದು ಚೆಲ್ಲಿ, ಮತ್ತೆ ಹಾಕಿ ಮತ್ತೆ ಚೆಲ್ಲುತ್ತಿದ್ದರು. ಅಕ್ಕಿ ತೊಳೆಯುವವರ ಕೈಯ ಹಾಗೆ ಅವರ ಕೈ ತನ್ನಷ್ಟಕ್ಕೆ ನಡೆಯುತ್ತಿತ್ತು. ಕಣ್ಣು ನನ್ನ ಮೇಲಿತ್ತು. ಪಾಪ, ನಿಮಗೆ ಹೀಗಾಗಬಾರದಿತ್ತು, ಆದರೆ ಕಂಡದ್ದನ್ನು ಕಂಡ ಹಾಗೆ ಹೇಳಲೇಬೇಕಲ್ಲ ಎಂದರು. ಅಲ್ಲಿಯವರೆಗೆ ನನ್ನ ಮೇಲೆ ಕನಿಕರ ತೋರಿಸಿದವರು ಅವರೊಬ್ಬರೇ. ನನಗೆ ಅಳು ಬಂತು.

ಶೆಡ್ಡಿನಲ್ಲಿ ಇವರು ಮುಖವಾಡ ಕೆಳಗಿಳಿಸಿ ದೊಡ್ಡಮ್ಮನಿಗೆ ಕುರ್ಚಿ ಒರೆಸಿ ಕೊಟ್ಟರು. ಅರೆಯುವ ಯಂತ್ರದ ಮೇಲೆ ಬಟ್ಟೆಯ ಉದ್ದ ಚೀಲಗಳು ತೂಗುತ್ತಿದ್ದವು. ಹಾರುವ ಹಿಟ್ಟನ್ನು ಅವು ಹಿಡಿಯುತ್ತವೆ, ಕೊಡವಿ ಮತ್ತೆ ಮೂಟೆಗೆ ಸೇರಿಸುತ್ತಾರೆ. "ಹಿಟ್ಟು ಹೋದ್ರೆ ಮಾಲೇ ಹೋಯ್ತು, ಅತ್ತೆ. ಒಂದು ಸಲ ಕೈ ಸುಟ್ಕೊಂಡಿದೀನಿ" ಎಂದರು. ಮೂಟೆಗಳೆಲ್ಲ ಮೊಹರು ಹಾಕಿ ಹೋಗುತ್ತವೆ, ಬಿಡಿಯಾಗಿ ಯಾರಿಗೂ ಕೊಡುವುದಿಲ್ಲ ಎಂದೂ ಹೇಳಿದರು. ಹಾಗೆನ್ನುವಾಗ ನನ್ನ ಕಡೆ ನೋಡಲಿಲ್ಲ. ನಾನು ಅವರ ತೋಳುಗಳನ್ನೇ ನೋಡುತ್ತಿದ್ದೆ. ದೊಡ್ಡಮ್ಮ ಒಂದು ಹಿಡಿ ಪುಡಿ ಕೇಳಿ ಪೊಟ್ಟಣ ಕಟ್ಟಿಸಿಕೊಂಡಳು.

ಹೊರಡುವಾಗ ನಿರ್ದೇಶಕರು ದೊಡ್ಡಮ್ಮನನ್ನು ಪಕ್ಕಕ್ಕೆ ಕರೆದರು. ದನಿ ತಗ್ಗಿಸಿದರೂ ನನಗೆ ಕೇಳಿಸಿತು. ನನ್ನ ಬೀಗದ ಕೈ ಅಡುಗೆಮನೆಯ ಕಪಾಟಿನ ಮೇಲೆ ಯಾರ ಕೈಗೂ ಸಿಗುವ ಹಾಗೆ ಬಿದ್ದಿರುತ್ತದೆಂದು, ನಾನು ಈಚೆಗೆ ಮರೆಗುಳಿಯಾಗಿದ್ದೇನೆಂದು ಅವರಿಗೆ ಹೇಳಿದವರು ನನ್ನ ಗಂಡನೇ ಅಂತೆ. ನಿನ್ನೆ ಸಂಜೆ, ಕೇಳದೆಯೇ.

ಆ ಕಪಾಟಿನ ಮೇಲೆ ನಾನು ಬೀಗದ ಕೈ ಇಟ್ಟದ್ದು ಯಾವತ್ತೂ ಇಲ್ಲ. ಅದು ಸಕ್ಕರೆ ಡಬ್ಬಿಯ ಜಾಗ.

ಮನೆಗೆ ಬಂದಾಗ ಸಂಜೆಯಾಗಿತ್ತು. ಕೈಕಾಲು ತೊಳೆಯಲು ಹೋದ ದೊಡ್ಡಮ್ಮ ಬಹಳ ಹೊತ್ತು ಬಚ್ಚಲಿನಲ್ಲೇ ಇದ್ದಳು. ನಾನು ಇಣುಕಿದೆ. ಅವಳು ಸೋಪಿನ ಡಬ್ಬಿ ಸರಿಸಿ ಮಗ್ಗಿನೊಳಗೆ ನೋಡುತ್ತಿದ್ದಳು. ಬೆಳಿಗ್ಗೆಯ ನೀರು ಇನ್ನೂ ತಿಳಿಯಾಗಿರಲಿಲ್ಲ. ತಳದ ಹೂವು ಕಾಣುತ್ತಿರಲಿಲ್ಲ. ಅವಳು ಏನೂ ಕೇಳದೆ ಮಗ್ಗನ್ನು ಇದ್ದಲ್ಲೇ ಇಟ್ಟು ಹೊರಗೆ ಬಂದಳು.

ಆ ರಾತ್ರಿ ಇವರ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ಎರವಲು ಕೊಟ್ಟವರು ಕಳೆದ ಸಲ ಬಂದಾಗ, ತಮ್ಮ ಊರಿನ ಹೊಸ ಭಂಡಾರಕ್ಕೆ ಮುಖ್ಯಸ್ಥೆಯಾಗಿ ಬರುತ್ತೀರಾ ಎಂದು ನನ್ನನ್ನು ಕೇಳಿದ್ದರು. ಮನೆಯಲ್ಲಿ ಹೇಳಿದಾಗ ಇವರು ನಕ್ಕಿದ್ದರು. "ಅಲ್ಲಿಗೆ ಹೋಗಿ ಇನ್ನೊಂದು ಸೀಸೆ ಕಾಯ್ತೀಯಾ? ಇಲ್ಲಿ ಕಾಯ್ತಿರೋದು ಸಾಲದಾ?" ಆಡಿದ್ದು ಅಷ್ಟೇ, ನಗುತ್ತಲೇ. ಅಂಥ ಸಣ್ಣ ಮಾತುಗಳಿಂದ ಗಾಯವಾಗುವುದಿಲ್ಲ. ನಾನು ಉತ್ತರ ಕೊಡದೆ ಆ ವಿಷಯ ಅಲ್ಲಿಗೇ ಬಿಟ್ಟಿದ್ದೆ. ಎರವಲು ಕೊಟ್ಟವರು ನನ್ನ ಉತ್ತರಕ್ಕೆ ಇನ್ನೂ ಕಾಯುತ್ತಿದ್ದರು.

ಮರುದಿನ ದೊಡ್ಡಮ್ಮ ಎಲ್ಲರನ್ನೂ ನಿರ್ದೇಶಕರ ಕೋಣೆಯಲ್ಲಿ ಸೇರಿಸಿದಳು. ಇಟ್ಟಿಗೆ ಸಾರ್ ಬಾಗಿಲ ಬಳಿ, ಲೆನ್ಸ್ ಮೇಡಂ ನಿರ್ದೇಶಕರ ಪಕ್ಕ, ಇವರು ಕಿಟಕಿಗೆ ಒರಗಿಕೊಂಡು. ನಾನು ದೊಡ್ಡಮ್ಮನ ಹಿಂದೆ ಚೀಲ ಹಿಡಿದು ನಿಂತಿದ್ದೆ. ಮೇಜಿನ ಮೇಲೆ ಎರಡು ಗಾಜಿನ ಲೋಟ ನೀರು. ಒಂದಕ್ಕೆ ಸೀಸೆಯೊಳಗಿನ ಚಿಟಿಕೆ ಪುಡಿ, ಇನ್ನೊಂದಕ್ಕೆ ಶೆಡ್ಡಿನ ಪೊಟ್ಟಣದ ಚಿಟಿಕೆ ಪುಡಿ ಹಾಕಿ ಕದಡಿದಳು.

"ಮೊದಲು ಟೀ ಕುಡಿಯೋಣ" ಎಂದಳು.

ಯಾರಿಗೂ ಟೀ ರುಚಿಸಲಿಲ್ಲ. ಒಬ್ಬರು ಇನ್ನೊಬ್ಬರ ಕಪ್ಪನ್ನು ನೋಡುತ್ತ ಕುಡಿದೆವು. ಕಪ್ಪು ಕೆಳಗಿಡುವ ಹೊತ್ತಿಗೆ ಮೊದಲನೆಯ ಲೋಟ ತಿಳಿಯಾಗಿ, ತಳದಲ್ಲಿ ಕರಿ ತರಿ ಕೂತಿತ್ತು. ಎರಡನೆಯದು ಬೂದು ನೀರಾಗಿಯೇ ಉಳಿದಿತ್ತು.

"ಎರಡೂ ಒಂದೇ ಕಲ್ಲು" ಎಂದಳು ದೊಡ್ಡಮ್ಮ. "ಆದ್ರೆ ಒಂದರಲ್ಲಿ ಹಿಟ್ಟಿದೆ, ಇನ್ನೊಂದರಲ್ಲಿ ಇಲ್ಲ. ನಿನ್ನೆ ಬೆರಳಿಗೇ ಗೊತ್ತಾಯ್ತು, ಹಲ್ಲಿಗೂ ಗೊತ್ತಾಯ್ತು. ಸೀಸೆಗೆ ಹೋಗೋ ಮುಂಚೆ ಈ ಪುಡೀನ ಯಾರೋ ತೊಳೆದಿದಾರೆ."

ನಂತರ ಒಂದೊಂದಾಗಿ ಬಿಡಿಸಿ ಹೇಳಿದಳು. ಚಂದ್ರನ ಪುಡಿಯಲ್ಲಿ ಅರ್ಧಕ್ಕರ್ಧ ಹಿಟ್ಟು. ಸೀಸೆಯ ಕುತ್ತಿಗೆಗೆ ಪೊರೆಯಾಗಿ ಹಿಡಿಯುವುದು ಅದೇ. ಈ ಸೀಸೆಯ ಕುತ್ತಿಗೆ ಸ್ವಚ್ಛವಾಗಿದೆ, ಏಕೆಂದರೆ ತೊಳೆದ ತರಿಗೆ ಅಂಟುವ ಗುಣವಿಲ್ಲ. ತೊಳೆದ ತರಿ ಒತ್ತಾಗಿ ಕೂರುತ್ತದೆ, ಅದಕ್ಕೇ ತೂಕ ಅಷ್ಟೇ ಇದ್ದರೂ ಮಟ್ಟ ಇಳಿದಿದೆ. ಮಟ್ಟ ಇಳಿದದ್ದು ನನ್ನ ಕಣ್ಣಿಗೆ ಬಿದ್ದದ್ದು ಸೀಸೆ ಚಿತ್ರ ತೆಗೆಸಿಕೊಂಡು ವಾಪಸು ಬಂದ ದಿನ. ಅಂದರೆ ಅದು ಬದಲಾದದ್ದು ನನ್ನ ಬೀಗದೊಳಗೆ ಅಲ್ಲ. ಬೀಗ ಸೇರುವ ಮುಂಚೆಯೇ ಬದಲಾಗಿತ್ತು. ಯಾರೋ ತೂಕ ಹೊಂದಿಸಿದ್ದರು, ಮಟ್ಟ ಹೊಂದಿಸಲು ಆಗಿರಲಿಲ್ಲ.

"ಈಗ ತೊಳೆಯೋರು ಯಾರು? ಇಟ್ಟಿಗೆ ಸಾರ್ ಹಿಟ್ಟಿಲ್ಲ ಅಂತ ಜಗಳ ಆಡೋರು. ನಮ್ಮ ಅಳಿಯಂದ್ರು ಹಾರೋ ಹಿಟ್ಟನ್ನ ಚೀಲ ಕಟ್ಟಿ ಹಿಡಿಯೋರು. ಇವರಿಬ್ಬರ ಕೈಗೆ ಕೋಟಿ ಕೊಟ್ರೂ ಹಿಟ್ಟು ಚೆಲ್ಲೋಕೆ ಮನಸ್ಸು ಬರಲ್ಲ. ನಿರ್ದೇಶಕರು ಲೋಟ ತೊಳೆದದ್ದನ್ನೂ ನಾನು ಕಾಣೆ."

ಇಟ್ಟಿಗೆ ಸಾರ್ ಸಣ್ಣಗೆ ನಕ್ಕು, ಮಿಕ್ಕವರು ನಗದ್ದನ್ನು ನೋಡಿ ನಿಲ್ಲಿಸಿದರು.

"ಕಣ ಸ್ಪಷ್ಟವಾಗಿ ಕಾಣ್ಲಿ ಅಂತ ಪ್ರತಿ ಸಲ ತೊಳೆಯೋ ಕೈ ಈ ಕಟ್ಟಡದಲ್ಲಿ ಒಂದೇ ಇದೆ. ನಿನ್ನೆ ನನ್ನ ಜೊತೆ ಮಾತಾಡ್ತಾನೂ ಅದು ತೊಳೀತಿತ್ತು. ಮೇಡಂ, ನಿಮ್ಮ ಕಣ್ಣಿಗೆ ಹಿಟ್ಟು ಅಂದ್ರೆ ಕಸ. ಚಂದ್ರ ಇರೋದೇ ಆ ಕಸದಲ್ಲಿ."

ಲೆನ್ಸ್ ಮೇಡಂ ಮೇಜಿನ ಮೇಲಿದ್ದ ತಮ್ಮ ಕೈಗಳನ್ನು ಮಡಿಲಿಗೆ ತೆಗೆದುಕೊಂಡರು. ಆಮೇಲೆ ಹೇಳಿದರು. ಗಾಳಿ ಸೋಕದ ಪೆಟ್ಟಿಗೆಯೊಳಗೆ ದಪ್ಪ ರಬ್ಬರು ಕೈಗವಸು ಹಾಕಿಕೊಂಡೇ ಸೀಸೆಯನ್ನು ಮುಟ್ಟಬೇಕಿತ್ತು. ಅದರಲ್ಲಿ ಬೇಕಾದ ಕಣ ಸಿಗುತ್ತಿರಲಿಲ್ಲ. ಒಂದು ಸಲ, ಒಂದೇ ಸಲ, ಸೀಸೆಯನ್ನು ಹೊರಗೆ ತೆಗೆದರು. ಮೊಣಕೈ ತಗುಲಿ ಸೀಸೆ ಉರುಳಿತು. ಬ್ರಷ್ಷಿನಿಂದ ಗುಡಿಸಿ ಒಟ್ಟು ಮಾಡುವಾಗ ಕೂದಲು, ನೂಲು, ಮೇಜಿನ ಧೂಳು ಎಲ್ಲ ಸೇರಿಹೋಯಿತು. ಬಡ್ತಿ ಹತ್ತಿರದಲ್ಲಿತ್ತು. ಖಾಲಿ ಸೀಸೆ ತೊಳೆದು ಬೇರೆ ಪುಡಿ ತುಂಬಿದರು. ವಾಪಸು ಪಡೆಯಲು ಬರುವವರು ಹೇಗೂ ಕಂಡುಹಿಡಿಯುತ್ತಾರೆಂದು ಹೆದರಿ, ತಾವೇ ಮೊದಲು ಕಂಡುಹಿಡಿದರು.

"ನಿಜವಾದ್ದು ಎಲ್ಲಿ?" ನಿರ್ದೇಶಕರು ಕೇಳಿದರು.

"ನನ್ನ ಸ್ಲೈಡ್ ಪೆಟ್ಟಿಗೇಲಿ, ಕಾಗದದಲ್ಲಿ ಸುತ್ತಿಟ್ಟಿದೀನಿ. ಎಸೆಯೋಕೆ ಕೈ ಬರ್ಲಿಲ್ಲ." ನನ್ನ ಕಡೆ ತಿರುಗಿ, "ನಿಮ್ಮನ್ನ ಸಿಕ್ಕಿಸ್ಬೇಕು ಅಂತಿರ್ಲಿಲ್ಲ" ಎಂದರು. ಅದು ನಿಜವೇ ಇರಬೇಕು. ಆದರೂ ಸಿಕ್ಕಿಸಿದ್ದರು.

ಹಾಗಾದರೆ ನನ್ನ ಗಂಡ ಕಳ್ಳರಲ್ಲ. ಮುಗಿಯಿತು ಅಂದುಕೊಂಡೆ. ದೊಡ್ಡಮ್ಮ ಮಾತ್ರ ಇನ್ನೂ ಕೂತೇ ಇದ್ದಳು.

"ಒಂದು ಉಳೀತು. ಶೆಡ್ಡಿನ ಪುಡಿ ಬಿಡಿಯಾಗಿ ಯಾರಿಗೂ ಹೋಗಲ್ಲ ಅಂತ ನಿನ್ನೆ ಕೇಳ್ದೆ. ಮೇಡಂ ಕೈಗೆ ಹೇಗೆ ಬಂತು?"

ಮೇಡಂ ಕಿಟಕಿಯ ಕಡೆ ನೋಡಿದರು. ಇವರು ಕಿಟಕಿಯಿಂದ ಬೆನ್ನು ತೆಗೆದು ನೆಟ್ಟಗೆ ನಿಂತರು. ಸ್ಲೈಡ್ ಅಭ್ಯಾಸಕ್ಕೆ ಬೇಕು ಎಂದು ಮೇಡಂ ಕೇಳಿದ್ದರು, ನಿಯಮ ಮೀರಿದ್ದು ಹೌದು, ಒಂದು ಭಾನುವಾರ ಶೆಡ್ಡು ತೆಗೆದು ಕೈಯಾರೆ ಒಂದು ಹಿಡಿ ಕೊಟ್ಟೆ, ಇದಕ್ಕೆಂದು ನನಗೇನು ಗೊತ್ತು ಎಂದರು.

"ಆ ಭಾನುವಾರ ಗೊತ್ತಿರ್ಲಿಲ್ಲ, ಒಪ್ಪಿದೆ ಅಳಿಯಂದ್ರೇ" ಎಂದಳು ದೊಡ್ಡಮ್ಮ ಮೆತ್ತಗೆ. "ಮೊನ್ನೆ? ಸೀಸೇಲಿರೋದು ನಿಮ್ಮ ಶೆಡ್ಡಿನ ಕಲ್ಲು ಅಂತ ಗೊತ್ತಾದಾಗ?"

ಇವರು ನೆಲ ನೋಡಿದರು. ದೊಡ್ಡಮ್ಮ ಮತ್ತೆ ಕೇಳಲಿಲ್ಲ. ಆ ಕೋಣೆಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ನಾನು ಇವರನ್ನು ಉಳಿಸಲು ಮಗ್ಗು ಬಚ್ಚಿಟ್ಟು, ಸುಳ್ಳು ಹೇಳಿದ್ದೆ. ಇವರು ತಮ್ಮನ್ನು ಉಳಿಸಿಕೊಳ್ಳಲು ನನ್ನ ಬೀಗದ ಕೈಯನ್ನು ಮಾತಿನಲ್ಲೇ ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿದ್ದರು.

ನಿರ್ದೇಶಕರು ಎದ್ದು ಬಂದು ಭಂಡಾರದ ಬೀಗದ ಕೈಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು ಕ್ಷಮೆ ಕೇಳಿದರು. ನಾಳೆ ಎರವಲು ಕೊಟ್ಟವರು ಬಂದಾಗ ನೀವೇ ಎಲ್ಲ ವಿವರಿಸಬೇಕು ಎಂದರು. ಆಗಲಿ ಎಂದೆ.

ದಾರಿಯಲ್ಲಿ ದೊಡ್ಡಮ್ಮ ನನ್ನ ಕೈಯಿಂದ ಚೀಲ ತೆಗೆದುಕೊಂಡು ತಾನೇ ಹಿಡಿದಳು. "ಕಿಟಕಿ ಒರೆಸಿದ ನೀರಿನ ವಿಷಯ ಅಲ್ಲಿ ಹೇಳ್ಬೇಕು ಅನ್ನಿಸ್ಲಿಲ್ಲ ಕಣೇ" ಎಂದಳು. ನಾನು ಹೂಂ ಅಂದೆ. ಆಮೇಲೆ ಅವಳು ತನ್ನ ಮಂಡಿನೋವಿನ ಬಗ್ಗೆ ಮಾತಾಡಿದಳು.

ಸಂಜೆ ಇವರು ಎಂದಿಗಿಂತ ಬೇಗ ಬಂದರು. ಹಜಾರದಲ್ಲಿ ಕೂತು, ಸಂಸಾರ ಅಂದ ಮೇಲೆ ಇಬ್ಬರ ಕೆಲಸವೂ ಒಟ್ಟಿಗೆ ಹೋಗಬಾರದು ಅಂತ ಯೋಚಿಸಿದ್ದೆ, ನಿನಗಾದರೆ ಹಳೆಯ ಹೆಸರಿದೆ, ಹೇಗೂ ಬಿಟ್ಟುಬಿಡುತ್ತಾರೆ ಎಂದುಕೊಂಡೆ ಎಂದು ಬಹಳ ಹೊತ್ತು ಹೇಳಿದರು. ನಾನು ಬಚ್ಚಲಿನಲ್ಲಿದ್ದೆ. ಮಗ್ಗಿನ ನೀರು ಕೊನೆಗೂ ತಿಳಿಯಾಗಿತ್ತು. ತಳದಲ್ಲಿ ಬೂದು ಪೊರೆ ಮೆತ್ತಗೆ ಕೂತಿತ್ತು, ಅದರ ಅಡಿಯಲ್ಲಿ ಹೂವಿನ ಗೆರೆ ಮಸುಕಾಗಿ ಕಾಣುತ್ತಿತ್ತು. ಕದಡದ ಹಾಗೆ ನಿಧಾನವಾಗಿ ಬಗ್ಗಿಸಿ ಮೇಲಿನ ನೀರನ್ನೆಲ್ಲ ಚೆಲ್ಲಿದೆ.

"ಕೇಳಿಸ್ತಾ? ಟೀ ಇದೆಯಾ?" ಎಂದರು.

"ಮಾಡ್ತೀನಿ" ಎಂದೆ.

ಒಗೆದ ಅಂಗಿಯನ್ನು ಇಸ್ತ್ರಿ ಮಾಡಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ. ಟೀಗೆ ನೀರಿಟ್ಟೆ. ನೀರು ಕುದಿಯುವವರೆಗೆ ಒಲೆಯ ಪಕ್ಕ ನಿಂತು ಭಂಡಾರದ ಬೀಗದ ಕೈಯನ್ನು ನೋಡಿದೆ. ಅದನ್ನು ಮನೆಯ ಗೊಂಚಲಿಗೆ ಮತ್ತೆ ಪೋಣಿಸಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ನಾಳೆ ಬರುವವರು ಹೊಸ ಭಂಡಾರದ ಮಾತು ಕೇಳಿಯೇ ಕೇಳುತ್ತಾರೆ. ಏನು ಹೇಳಬೇಕೆಂದು ಕಪಾಟಿನಿಂದ ಸಕ್ಕರೆ ಡಬ್ಬಿ ತೆಗೆಯುವಷ್ಟರಲ್ಲಿ ನನಗೆ ಗೊತ್ತಾಗಿತ್ತು. ದೊಡ್ಡಮ್ಮ ಪದಬಂಧದಿಂದ ತಲೆಯೆತ್ತಿ ಒಮ್ಮೆ ನೋಡಿದಳು. ಅವಳಿಗೂ ಹೇಳಲಿಲ್ಲ. ಟೀ ಸೋಸಿ, ಇವರ ಲೋಟಕ್ಕೆ ಎಂದಿನಂತೆ ಸಕ್ಕರೆ ಹಾಕಿ ಕದಡಿ, ಹಜಾರಕ್ಕೆ ಒಯ್ದು ಕೊಟ್ಟೆ.